ಹನಿಯೊಳಗಿನ ರಸಾಯನಶಾಲೆಯೂ ಡಾಕ್ಟರೇಟ್ ಸಂಶೋಧನೆಯೂ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸವು)



ಅಕ್ಕಸಾಲಿಗನು ಒಡವೆಯು ಕೈಗೆ ಬಂದೊಡನೆ ಅದನ್ನು ಮೂಸೆಗೆ ಹಾಕಿ ಕರಗಿಸುವುದಿಲ್ಲ. ಒರೆಗಲ್ಲಿನ ಮೇಲೆ ಒಮ್ಮೆ ಉಜ್ಜಿ, ಆ ಗೆರೆಯ ಮೇಲೆ ಒಂದು ಹನಿ ದ್ರಾವಕವನ್ನಿರಿಸಿ, ಗೆರೆಯು ಉಳಿಯಿತೋ ಮಾಸಿತೋ ಎಂಬುದನ್ನು ಕಂಡು, ಬಂಗಾರವೆಷ್ಟು ಬೆರಕೆಯೆಷ್ಟು ಎಂಬುದನ್ನು ಹೇಳಿಬಿಡುವನು. ಒಡವೆಗೆ ಯಾವ ಲೋಪವೂ ಇಲ್ಲ; ವೆಚ್ಚವಾದುದು ಕಣ್ಣಿಗೆ ಕಾಣದಷ್ಟು ರೇಣು ಮಾತ್ರ. ಶಾಸ್ತ್ರವನ್ನೋದಿದವರು ಇಂಥದನ್ನೇ ಸ್ಥಾಲೀಪುಲಾಕನ್ಯಾಯವೆಂದು ಕರೆಯುವರು. ಗಡಿಗೆಯ ಅನ್ನವೆಲ್ಲ ಬೆಂದಿತೆ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಆದರೆ ಉರಿಯು ಸಮವಾಗಿ ತಾಗಿದ ಗಡಿಗೆಗೆ ಮಾತ್ರ ಈ ನ್ಯಾಯವು ಸಲ್ಲುವುದೆಂಬುದನ್ನು ಪಾಕಶಾಲೆಯಲ್ಲಿರುವವರು ಪಂಡಿತರಿಗಿಂತ ಚೆನ್ನಾಗಿ ಬಲ್ಲರು. ತಳದಲ್ಲಿ ಸೀದು, ಮೇಲೆ ಹಸಿಯಾಗಿ ಉಳಿದ ಗಡಿಗೆಯಲ್ಲಿ ಒಂದು ಅಗುಳಿನ ಸಾಕ್ಷ್ಯವು ಸುಳ್ಳು ಸಾಕ್ಷ್ಯವೇ ಆಗುವುದು. ಈ ಎರಡನೆಯ ಮಾತು ಮುಂದೆ ಬಹಳವಾಗಿ ಬೇಕಾಗುವುದರಿಂದ ಅದನ್ನು ನೆನಪಿನಲ್ಲಿಟ್ಟಿರತಕ್ಕುದು.

ಒಂದು ಹನಿ ನೀರಿನಿಂದ, ಒಂದು ಹನಿ ರಕ್ತದಿಂದ, ಒಂದು ಉಸಿರಿನಷ್ಟು ಗಾಳಿಯಿಂದ ಅವುಗಳಲ್ಲಿರುವ ದ್ರವ್ಯಗಳನ್ನು ಬೇರ್ಪಡಿಸಿ, ಗುರುತಿಸಿ, ಅಳೆಯುವ ಯಂತ್ರಗಳನ್ನು ಬೆರಳಗಲದ ಗಾಜಿನ ಮೇಲೆಯೂ, ಸಿಲಿಕಾನಿನ ಬಿಲ್ಲೆಯ ಮೇಲೆಯೂ, ಕಡೆಗೆ ಕಾಗದದ ಚೂರಿನ ಮೇಲೆಯೂ ರಚಿಸುವ ವಿದ್ಯೆಯೊಂದು ಕಳೆದ ಐವತ್ತು ವರ್ಷಗಳಲ್ಲಿ ಬೆಳೆದಿರುವುದು. ಇದಕ್ಕೆ ಸೂಕ್ಷ್ಮ ಸಮಗ್ರ ವಿಶ್ಲೇಷಣ ವ್ಯವಸ್ಥೆ ಎಂದು ಶಾಸ್ತ್ರದಲ್ಲಿಯೂ, ಲ್ಯಾಬ್ ಆನ್ ಎ ಚಿಪ್ ಎಂದು ರೂಢಿಯಲ್ಲಿಯೂ ಹೆಸರು. ಈ ವಿದ್ಯೆಯಲ್ಲಿ ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ಮಾಡಲಿಚ್ಛಿಸುವವರಿಗೆ ಎಂತಹ ಅವಕಾಶಗಳಿರುವುವೆಂಬುದೇ ಈ ಉಪನ್ಯಾಸದ ವಿಷಯವು.

ಮಠದ ವೇದಿಕೆಗೆ ಇದು ಹೊರಗಿನ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಸಿದ್ಧಗಂಗೆಯ ಮಠವು ತುಮಕೂರಿನಲ್ಲಿಯೂ, ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮೈಸೂರಿನಲ್ಲಿಯೂ ೧೯೬೩ರಷ್ಟು ಹಿಂದೆಯೇ ಇಂಜಿನಿಯರಿಂಗ್ ಕಾಲೇಜುಗಳನ್ನು ತೆರೆದವು. ಪ್ರಸಾದನಿಲಯಗಳಲ್ಲಿ ಉಂಡು ಓದಿದ ರೈತರ ಮಕ್ಕಳು ಇಂತಹ ವಿದ್ಯಾಶಾಲೆಗಳಿಂದ ಪದವೀಧರರಾಗಿ ಹೊರಬಂದು ತಲೆಮಾರುಗಳೇ ಕಳೆದಿವೆ. ಬಿ.ಇ. ಆಯಿತು, ಎಂ.ಎಸ್ಸಿ. ಆಯಿತು, ಇನ್ನು ಮುಂದೇನು ಎಂಬ ಪ್ರಶ್ನೆಯು ಇಂದು ಹಳ್ಳಿಯ ಮನೆಯ ಜಗಲಿಯ ಮೇಲೆಯೇ ಹುಟ್ಟುತ್ತಿರುವಾಗ, ಅದಕ್ಕೆ ಒಂದು ಉತ್ತರವನ್ನು ಮಠದ ಮಹೋತ್ಸವದಲ್ಲಿ ಹುಡುಕುವುದು ಅನುಚಿತವೆನಿಸದು.

ಈ ವಿದ್ಯೆಯ ಮೂಲವನ್ನು ಅರಸುತ್ತ ಹೋದರೆ ದೊರೆಯುವುದು ಯಾವ ಮಹಾಚಾರ್ಯನ ಗ್ರಂಥವೂ ಅಲ್ಲ, ಒಬ್ಬ ವಿದ್ಯಾರ್ಥಿಯ ಡಾಕ್ಟರೇಟ್ ಪ್ರಬಂಧವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸ್ಟೀಫನ್ ಟೆರಿ ಎಂಬವರು ೧೯೭೫ರಲ್ಲಿ ಅದನ್ನು ಒಪ್ಪಿಸಿದರು. ಅದರ ಮಹತ್ವವನ್ನು ತಿಳಿಯಬೇಕಾದರೆ ಕ್ರೊಮಟಾಗ್ರಫಿ ಎಂಬ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು. ತೇರಿನ ಬೀದಿಯ ಒಂದು ತುದಿಯಿಂದ ನೂರು ಜನರು ಒಟ್ಟಿಗೆ ಹೊರಟರೆಂದು ಭಾವಿಸಿರಿ. ಅಂಗಡಿಗಳ ಕಡೆಗೆ ನೋಡದವರು ಬೇಗನೆ ಕೊನೆಯನ್ನು ಮುಟ್ಟುವರು. ಪ್ರತಿಯೊಂದು ಬಳೆಯಂಗಡಿಯಲ್ಲಿಯೂ ಮಿಠಾಯಿಯಂಗಡಿಯಲ್ಲಿಯೂ ನಿಲ್ಲುವವರು ಹಿಂದೆ ಬೀಳುವರು. ಬೀದಿಯು ಉದ್ದವಾದಷ್ಟೂ ಈ ಎರಡು ಬಗೆಯ ಜನರ ನಡುವಣ ಅಂತರವು ಹೆಚ್ಚುವುದು. ಹೀಗೆಯೇ ಒಂದು ಮಿಶ್ರಣವನ್ನು ಉದ್ದವಾದ ನಾಳದಲ್ಲಿ ಹರಿಯಿಸಿದರೆ, ನಾಳದ ಒಳಮೈಗೆ ಅಂಟುವ ದ್ರವ್ಯಗಳು ತಡವಾಗಿಯೂ, ಅಂಟದವು ಬೇಗನೆಯೂ ಹೊರಬರುವುವು. ರಷ್ಯದ ಸಸ್ಯಶಾಸ್ತ್ರಜ್ಞರಾದ ಸ್ವೆತ್ ಎಂಬವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ವಾರ್ಸಾ ನಗರದಲ್ಲಿ, ಎಲೆಗಳ ಬಣ್ಣಗಳನ್ನು ಸೀಮೆಸುಣ್ಣದ ಪುಡಿಯ ಕಂಬದಲ್ಲಿ ಇಳಿಸಿ ಬೇರ್ಪಡಿಸಿದುದರಿಂದ ಇದಕ್ಕೆ ಬಣ್ಣದ ಬರಹವೆಂಬ ಅರ್ಥದ ಹೆಸರು ಬಂದಿತು. ಅನಿಲಗಳನ್ನು ಹೀಗೆ ಬೇರ್ಪಡಿಸುವ ಯಂತ್ರವು ಟೆರಿಯವರ ಕಾಲದಲ್ಲಿ ಮೇಜಿನ ತುಂಬ ಕೂರುವಂತಹದಾಗಿದ್ದಿತು.

ಟೆರಿಯವರು ಮಾಡಿದುದಿಷ್ಟೆ: ಐದು ಸೆಂಟಿಮೀಟರು ಅಡ್ಡಳತೆಯ ಸಿಲಿಕಾನ್ ಬಿಲ್ಲೆಯೊಂದರ ಮೇಲೆ, ಜಿಲೇಬಿಯಂತೆ ಸುತ್ತಿಕೊಂಡು ಹೋಗುವ, ಒಂದೂವರೆ ಮೀಟರು ಉದ್ದದ ಸೂಕ್ಷ್ಮವಾದ ಕಾಲುವೆಯನ್ನು ರಾಸಾಯನಿಕವಾಗಿ ಕೊರೆದು, ಅದರ ಮೇಲೆ ಗಾಜನ್ನು ಮುಚ್ಚಿದರು. ಮಿಶ್ರಣವನ್ನು ಒಳಗೆ ಬಿಡುವ ಕವಾಟವೂ ಅದರೊಡನೆಯೇ, ಹೊರಬರುವುದನ್ನು ಅರಿಯುವ ಸಾಧನವೂ ಅದರೊಡನೆಯೇ. ಅನಿಲಗಳ ಮಿಶ್ರಣವು ಕೆಲವೇ ಸೆಕೆಂಡುಗಳಲ್ಲಿ ಬೇರ್ಪಟ್ಟು ಬರುತ್ತಿದ್ದಿತು. ೧೯೭೯ರಲ್ಲಿ ಅವರು ತಮ್ಮ ಸಂಗಡಿಗರೊಡನೆ ಇದನ್ನು ಇಂಜಿನಿಯರುಗಳ ಒಂದು ಪತ್ರಿಕೆಯಲ್ಲಿ ಪ್ರಕಟಿಸಿದರು. ರಸಾಯನಜ್ಞರಾದರೋ ಅದನ್ನು ಹೆಚ್ಚಾಗಿ ಗಣಿಸಲೇ ಇಲ್ಲ. ಸಿಲಿಕಾನನ್ನು ಕೊರೆಯುವ ವಿದ್ಯೆಯು ಅವರ ಕೈಯಲ್ಲಿರಲಿಲ್ಲ; ಕೊರೆಯಬಲ್ಲವರಿಗೆ ಬೇರ್ಪಡಿಸುವುದರ ಅವಶ್ಯಕತೆಯಿರಲಿಲ್ಲ. ಎರಡು ಶಾಸ್ತ್ರಗಳ ಗಡಿಯ ಮೇಲೆ ಬಿದ್ದ ಬೀಜವು ಹೀಗೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಹಾಗೆಯೇ ಬಿದ್ದಿದ್ದಿತು.

೧೯೯೦ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ-ಗೈಗಿ ಔಷಧಿ ಸಂಸ್ಥೆಯಲ್ಲಿದ್ದ ಆಂಡ್ರಿಯಾಸ್ ಮಾಂಜ್ ಮತ್ತು ಅವರ ಜೊತೆಗಾರರು ಬರೆದ ಲೇಖನವೊಂದು ಈ ವಿದ್ಯೆಗೆ ಹೆಸರನ್ನೂ ಸಿದ್ಧಾಂತವನ್ನೂ ಕೊಟ್ಟಿತು. ಮಾದರಿಯನ್ನು ತೆಗೆದುಕೊಳ್ಳುವುದು, ಸಾಗಿಸುವುದು, ರಾಸಾಯನಿಕ ಕ್ರಿಯೆಗೆ ಒಳಪಡಿಸುವುದು, ಬೇರ್ಪಡಿಸುವುದು, ಗುರುತಿಸುವುದು, ಇವೆಲ್ಲವನ್ನೂ ಒಂದೇ ಕಡೆಯಲ್ಲಿ ನಡೆಯಿಸಬೇಕೆಂದೂ, ಹಾಗೆ ಕಿರಿದುಗೊಳಿಸುವುದರಿಂದ ಜಾಗವು ಉಳಿಯುವುದಲ್ಲದೆ ಕೆಲಸದ ಗುಣವೂ ಮೇಲಾಗುವುದೆಂದೂ ಅವರು ಗಣಿತದಿಂದ ತೋರಿಸಿದರು. ಕೆನಡದ ಆಲ್ಬರ್ಟ ವಿಶ್ವವಿದ್ಯಾನಿಲಯದ ಜೆಡ್ ಹ್ಯಾರಿಸನ್ ಅವರೊಡನೆ ಕೂಡಿ ೧೯೯೩ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹತ್ತು ಮೈಕ್ರಾನ್ ಆಳ ಮೂವತ್ತು ಮೈಕ್ರಾನ್ ಅಗಲದ ಗಾಜಿನ ಕಾಲುವೆಗಳಲ್ಲಿ, ಯಾವ ಪಂಪೂ ಇಲ್ಲದೆ ವಿದ್ಯುತ್ತಿನ ಬಲದಿಂದಲೇ ದ್ರವವನ್ನು ಹರಿಯಿಸಿ, ಅಮೈನೋ ಆಮ್ಲಗಳನ್ನು ಸುಮಾರು ಹದಿನೈದು ಸೆಕೆಂಡುಗಳಲ್ಲಿ ಬೇರ್ಪಡಿಸಿ ತೋರಿಸಿದರು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮರುವರ್ಷ, ಎಂದರೆ ೧೯೯೪ರಲ್ಲಿ, ಹಾಲೆಂಡಿನ ಎನ್‌ಷೆಡೆ ಎಂಬ ಊರಿನಲ್ಲಿ ಈ ವಿದ್ಯೆಯವರ ಮೊದಲನೆಯ ಸಮ್ಮೇಳನವು ನೆರೆಯಿತು. ೨೦೦೧ರಲ್ಲಿ ಇಂಗ್ಲೆಂಡಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯು ಇದಕ್ಕಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸಿತು.

ಕಿರಿದಾದುದರಿಂದ ಗುಣವು ಹೇಗೆ ಹೆಚ್ಚುವುದೆಂದು ಕೇಳಬಹುದು. ನಿಶ್ಚಲವಾದ ನೀರಿನಲ್ಲಿ ಬಣ್ಣದ ಅಣುಗಳು ತಾವಾಗಿ ಹರಡಿಕೊಂಡು ಒಂದು ಮಿಲಿಮೀಟರು ದೂರವನ್ನು ಸೇರಲು ಸುಮಾರು ಎಂಟು ನಿಮಿಷಗಳು ಬೇಕು. ನೂರು ಮೈಕ್ರಾನ್ ದೂರಕ್ಕೆ ಐದು ಸೆಕೆಂಡುಗಳು ಸಾಕು. ಹತ್ತು ಮೈಕ್ರಾನಿಗೆ ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು. ದೂರವು ಹತ್ತರಲ್ಲೊಂದಾದರೆ ಕಾಲವು ನೂರರಲ್ಲೊಂದಾಗುವುದೆಂಬುದೇ ಇದರ ಗುಟ್ಟು. ಕಿರಿಯ ಕಾಲುವೆಯಲ್ಲಿ ದ್ರವವು ಸುಳಿಯಿಲ್ಲದೆ ಹರಿಯುವುದು. ಎರಡು ಹೊಳೆಗಳು ಕೂಡಿದ ಬಳಿಕವೂ ಕೆಂಪು ನೀರು ತಿಳಿನೀರು ಪಕ್ಕಪಕ್ಕದಲ್ಲಿಯೇ ಸಾಗುವಂತೆ ಎರಡು ಧಾರೆಗಳು ಬೆರೆಯದೆ ಸಾಗುವುವು. ತೆಳುವಾದ ಕಾಲುವೆಯು ಬೇಗನೆ ತಣಿಯುವುದರಿಂದ ಹೆಚ್ಚಿನ ವಿದ್ಯುದ್ಬಲವನ್ನು ಪ್ರಯೋಗಿಸಬಹುದು. ಇವೆಲ್ಲ ಲಾಭದ ಪಕ್ಷವು.

ನಷ್ಟದ ಪಕ್ಷವನ್ನು ಹೇಳದಿದ್ದರೆ ವಿದ್ಯಾರ್ಥಿಗೆ ಮೋಸಮಾಡಿದಂತಾಗುವುದು. ಒಂದು ಲೀಟರಿಗೆ ಒಂದು ನ್ಯಾನೊಮೋಲ್ ಪ್ರಮಾಣದಲ್ಲಿ ಯಾವುದೋ ದ್ರವ್ಯವು ನೀರಿನಲ್ಲಿ ಕರಗಿದೆಯೆಂದುಕೊಳ್ಳೋಣ. ರೋಗಪರೀಕ್ಷೆಯಲ್ಲಿ ಇಂತಹ ಅಲ್ಪ ಪ್ರಮಾಣವು ಅಪೂರ್ವವೇನೂ ಅಲ್ಲ. ಒಂದು ಮಿಲಿಮೀಟರು ಉದ್ದಗಲಎತ್ತರದ ಹನಿಯಲ್ಲಿ ಅದರ ಅಣುಗಳು ಸುಮಾರು ಅರುವತ್ತು ಕೋಟಿ ಇರುವುವು. ನೂರು ಮೈಕ್ರಾನಿನ ಹನಿಯಲ್ಲಿ ಆರು ಲಕ್ಷ. ಹತ್ತು ಮೈಕ್ರಾನಿನ ಹನಿಯಲ್ಲಿ ಆರುನೂರು. ಒಂದು ಮೈಕ್ರಾನಿನ ಹನಿಯಲ್ಲಿ ಒಂದೂ ಇರಲಿಕ್ಕಿಲ್ಲ. ಎರಡು ಹನಿಗಳನ್ನು ನೋಡಿದರೆ ಒಂದರಲ್ಲಿ ಸಿಕ್ಕೀತು. ಇಲ್ಲದುದನ್ನು ಎಂತಹ ಸೂಕ್ಷ್ಮ ಯಂತ್ರವೂ ಕಾಣಲಾರದು. ಕಿರಿದುಗೊಳಿಸುವುದಕ್ಕೆ ಹೀಗೆ ಒಂದು ತಳವುಂಟು. ಅದನ್ನು ನಿಗದಿಪಡಿಸಿರುವುದು ಇಂಜಿನಿಯರನ ಅಸಾಮರ್ಥ್ಯವಲ್ಲ, ಅಣುಗಳ ಲೆಕ್ಕವು.

ಇಲ್ಲಿಯೇ ಸ್ಥಾಲೀಪುಲಾಕದ ಎರಡನೆಯ ಮಾತು ಬರುವುದು. ಬೆರಳ ತುದಿಯನ್ನು ಚುಚ್ಚಿ ಹಿಂಡಿದ ಹನಿಯಲ್ಲಿ ರಕ್ತವಷ್ಟೇ ಇರುವುದಿಲ್ಲ, ಚರ್ಮದಡಿಯ ರಸವೂ ಬೆರೆತಿರುವುದು. ಒಂದು ಹನಿಯು ಇನ್ನೊಂದರಂತೆ ಇರುವುದಿಲ್ಲ. ಸಕ್ಕರೆಯ ಕಾಯಿಲೆಯವರು ಮನೆಯಲ್ಲಿ ಬಳಸುವ ಪಟ್ಟಿಯು ಒಂದು ಮೈಕ್ರೊಲೀಟರಿಗಿಂತಲೂ ಕಡಮೆ ರಕ್ತದಿಂದ ಕೆಲಸಮಾಡಬಲ್ಲುದು, ಏಕೆಂದರೆ ರಕ್ತದಲ್ಲಿ ಸಕ್ಕರೆಯು ಧಾರಾಳವಾಗಿರುವುದು. ಅದರಂತೆಯೇ ನೂರಾರು ಪರೀಕ್ಷೆಗಳನ್ನು ಕೆಲವು ಹನಿಗಳಿಂದಲೇ ಮಾಡುವೆವೆಂದು ಹೊರಟ ಒಂದು ಅಮೆರಿಕನ್ ಸಂಸ್ಥೆಯ ಕಥೆಯು ಲೋಕಪ್ರಸಿದ್ಧವಾಗಿದೆ. ಥೆರಾನೋಸ್ ಎಂಬ ಆ ಸಂಸ್ಥೆಯನ್ನು ಎಲಿಜಬೆತ್ ಹೋಮ್ಸ್ ಎಂಬಾಕೆಯು ೨೦೦೩ರಲ್ಲಿ, ಸ್ಟ್ಯಾನ್‌ಫರ್ಡಿನ ವ್ಯಾಸಂಗವನ್ನು ನಡುವೆಯೇ ಬಿಟ್ಟು, ಸ್ಥಾಪಿಸಿದಳು. ೨೦೧೫ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯು ಅದರ ಒಳಗುಟ್ಟನ್ನು ಬಯಲಿಗೆಳೆಯಿತು. ೨೦೧೮ರಲ್ಲಿ ಸಂಸ್ಥೆಯು ಮುಚ್ಚಿಹೋಯಿತು. ೨೦೨೨ರಲ್ಲಿ ಹಣ ಹೂಡಿದವರನ್ನು ವಂಚಿಸಿದ ಅಪರಾಧವು ಆಕೆಯ ಮೇಲೆ ಸಿದ್ಧವಾಗಿ, ಹನ್ನೊಂದು ವರ್ಷಗಳಿಗೂ ಮೇಲ್ಪಟ್ಟ ಕಾರಾಗೃಹವಾಸವು ವಿಧಿಸಲ್ಪಟ್ಟಿತು. ಅವಳ ಆಸೆಯು ಕೆಟ್ಟುದಾಗಿರಲಿಲ್ಲವೆಂದು ವಾದಿಸುವವರುಂಟು. ಇರಬಹುದು. ಆದರೆ ತಪ್ಪಾದ ರಕ್ತಪರೀಕ್ಷೆಯ ಫಲವನ್ನು ಕೈಯಲ್ಲಿ ಹಿಡಿದು ವೈದ್ಯನ ಬಳಿಗೆ ಹೋದ ರೋಗಿಗೆ ಆ ವಾದದಿಂದ ಏನು ಪ್ರಯೋಜನ? ಐದಾರು ವರ್ಷಗಳ ಕಾಲ ಒಂದು ಹನಿಯ ಮುಂದೆ ಕುಳಿತು, ಅದು ಎಲ್ಲಿ ಸುಳ್ಳು ಹೇಳುವುದೆಂಬುದನ್ನು ಕಂಡುಹಿಡಿಯುವ ಕೆಲಸಕ್ಕೇ ಡಾಕ್ಟರೇಟ್ ಸಂಶೋಧನೆಯೆಂದು ಹೆಸರು. ಆಕೆಯು ಮಾಡದೆ ಬಿಟ್ಟ ಕೆಲಸವೂ ಅದೇ.

ಈ ವಿದ್ಯೆಯವರು ತಮ್ಮನ್ನು ತಾವೇ ಹಾಸ್ಯಮಾಡಿಕೊಳ್ಳುವುದುಂಟು. ಬಿಲ್ಲೆಯೊಳಗೆ ರಸಾಯನಶಾಲೆಯನ್ನು ಮಾಡಹೊರಟವರು ರಸಾಯನಶಾಲೆಯೊಳಗೆ ಒಂದು ಬಿಲ್ಲೆಯನ್ನು ಮಾಡಿಟ್ಟಿರುವರೆಂಬುದೇ ಆ ಹಾಸ್ಯವು. ಬಿಲ್ಲೆಯು ಬೆರಳಗಲದ್ದೇ ಸರಿ. ಅದರ ಸುತ್ತ ಪಂಪುಗಳು, ಸೂಕ್ಷ್ಮದರ್ಶಕ, ವಿದ್ಯುತ್ತಿನ ಪೆಟ್ಟಿಗೆ, ಗಣಕಯಂತ್ರ, ಅವುಗಳ ಮುಂದೆ ಇಬ್ಬರು ವಿದ್ಯಾರ್ಥಿಗಳು. ೧೯೯೮ರ ಬಳಿಕ ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ಅವರ ಗುಂಪಿನವರು ಮೃದುವಾದ ಸಿಲಿಕೋನ್ ರಬ್ಬರಿನಲ್ಲಿ ಕಾಲುವೆಗಳನ್ನು ಅಚ್ಚು ಹೊಯ್ಯುವ ಸುಲಭ ಮಾರ್ಗವನ್ನು ಪ್ರಚಾರಕ್ಕೆ ತಂದುದರಿಂದ, ಬಿಲ್ಲೆಯನ್ನು ಮಾಡುವುದು ಈಗ ಕಷ್ಟವಲ್ಲ. ಅದೇ ಗುಂಪಿನವರು ೨೦೦೭ರಲ್ಲಿ ಕಾಗದದ ಮೇಲೆಯೇ ದಾರಿಗಳನ್ನು ರಚಿಸಿ, ಮೂತ್ರದಲ್ಲಿರುವ ಸಕ್ಕರೆಯನ್ನೂ ಪ್ರೋಟೀನನ್ನೂ ಬಣ್ಣದಿಂದ ತೋರಿಸಿದರು. ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಕಾಗದವೇ ದ್ರವವನ್ನು ಹೀರುವುದರಿಂದ ಅಲ್ಲಿ ಪಂಪಿನ ಮಾತೇ ಇಲ್ಲ. ಹೀಗಿರುವಾಗ ಮತ್ತೊಂದು ಚಂದದ ಬಿಲ್ಲೆಯನ್ನು ಮಾಡಿ ತೋರಿಸುವುದು ಇಂದಿನ ಸಂಶೋಧನೆಯಲ್ಲ. ನಿಜವಾದ ನೀರು, ನಿಜವಾದ ರಕ್ತ, ನಿಜವಾದ ಹಾಲು ಇವುಗಳನ್ನು ಆ ಬಿಲ್ಲೆಯು ಎದುರಿಸುವಂತೆ ಮಾಡುವುದರಲ್ಲಿಯೇ ಡಾಕ್ಟರೇಟಿನ ಅವಕಾಶಗಳೆಲ್ಲ ಅಡಗಿರುವುವು.

ಒಂದು ಉದಾಹರಣೆಯನ್ನು ವಿಸ್ತಾರವಾಗಿ ನೋಡಬೇಕು. ಪಾವಗಡ, ಮುಂಡರಗಿ ಮೊದಲಾದ ಸೀಮೆಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದನ್ನು ಅಲ್ಲಿಯ ಮಕ್ಕಳ ಹಲ್ಲಿನ ಕಂದು ಕಲೆಗಳೇ ಹೇಳುವುವು. ವಯಸ್ಸಾದವರಿಗೆ ಕೀಲುಗಳು ಬಿಗಿದು ಬೆನ್ನು ಬಾಗುವುದು. ಭಾರತೀಯ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ ೧ ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರಿಲ್ಲದ ಪಕ್ಷದಲ್ಲಿ ೧.೫ ಮಿಲಿಗ್ರಾಂವರೆಗೆ ಸಹಿಸಬಹುದು. ಜಿರ್ಕೋನಿಯಂ ಮತ್ತು ಅಲಿಜರಿನ್ ಎಂಬ ಬಣ್ಣ ಇವೆರಡೂ ಕೂಡಿದ ಕೆಂಪು ದ್ರವ್ಯವು ಫ್ಲೋರೈಡ್ ತಾಗಿದರೆ ಹಳದಿಗೆ ತಿರುಗುವುದೆಂಬುದು ಬಹುಕಾಲದಿಂದ ತಿಳಿದ ವಿಷಯವು. ಅದನ್ನೇ ಕಾಗದಕ್ಕೆ ಹಚ್ಚಿ ಒಣಗಿಸಿದರೆ, ಒಂದು ಹನಿ ನೀರನ್ನು ಬಿಟ್ಟು ಬಣ್ಣವನ್ನು ನೋಡಬಹುದಲ್ಲವೆ ಎಂದು ಯಾವ ಕಾಲೇಜಿನ ವಿದ್ಯಾರ್ಥಿಗಾದರೂ ತೋರುವುದು. ಅದು ಸರಿಯೇ. ಭಟ್ಟಿಯಿಳಿಸಿದ ನೀರಿಗೆ ಫ್ಲೋರೈಡನ್ನು ಕೂಡಿಸಿ ಪರೀಕ್ಷಿಸಿದರೆ ಆ ಕಾಗದವು ಸೊಗಸಾಗಿ ಕೆಲಸ ಮಾಡುವುದು. ಕೊಳವೆಬಾವಿಯ ನೀರನ್ನು ಬಿಟ್ಟೊಡನೆ ತೊಡಕು ಮೊದಲಾಗುವುದು. ಅಂತಹ ನೀರಿನಲ್ಲಿ ಕ್ಷಾರವು ಹೆಚ್ಚು. ಕೆಲವೆಡೆ ಫಾಸ್ಫೇಟ್, ಸಲ್ಫೇಟ್, ಅಲ್ಯೂಮಿನಿಯಂ ಇವುಗಳೂ ಉಂಟು. ಒಂದು ಬಣ್ಣವನ್ನು ಹೆಚ್ಚಿಸಿದರೆ ಇನ್ನೊಂದು ತಗ್ಗಿಸುವುದು. ಬೇಕಾಗಿರುವುದಾದರೋ ೧.೪ನ್ನು ೧.೬ರಿಂದ ಬೇರ್ಪಡಿಸಿ ಹೇಳುವ ಸಾಮರ್ಥ್ಯವು. ಮೊದಲನೆಯ ಬಾವಿಯನ್ನು ಇರಿಸಿಕೊಳ್ಳಬಹುದು, ಎರಡನೆಯದನ್ನು ಮುಚ್ಚಬೇಕು. ಇನ್ನು ಬಣ್ಣವನ್ನು ನೋಡುವ ಕಣ್ಣುಗಳು ಒಂದೇ ತೆರನಾಗಿರುವುದಿಲ್ಲ. ಮೊಬೈಲಿನ ಕ್ಯಾಮರಾದಿಂದ ನೋಡಿಸೋಣವೆಂದರೆ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಬಣ್ಣ, ಒಳಮನೆಯ ನೆರಳಿನಲ್ಲಿ ಮತ್ತೊಂದು. ರಾಯಚೂರಿನ ಕಡೆಯ ಬೇಸಿಗೆಯಲ್ಲಿ, ನಲವತ್ತು ಡಿಗ್ರಿಯ ಸೆಕೆಯಲ್ಲಿ, ಅಂಗನವಾಡಿಯ ಕಪಾಟಿನೊಳಗೆ ಆರು ತಿಂಗಳು ಕುಳಿತ ಕಾಗದವು ಹೊಸತರಂತೆಯೇ ಇರುವುದೆ ಎಂಬುದು ಇನ್ನೊಂದು ಪ್ರಶ್ನೆ. ಈ ಒಂದೊಂದು ತೊಡಕೂ ಪ್ರಬಂಧದ ಒಂದೊಂದು ಅಧ್ಯಾಯವಾಗತಕ್ಕುದು. ನೋಡುವವರಿಗೆ ಇದು ಕೀಳು ಕೆಲಸವೆನಿಸಬಹುದು. ಒಂದು ಊರಿನ ಬಾವಿಯ ಹಣೆಬರಹವು ಇದರಿಂದಲೇ ತೀರ್ಮಾನವಾಗುವುದು.

ಇತರ ತೊಡಕುಗಳನ್ನು ಸಂಕ್ಷೇಪವಾಗಿ ಹೇಳಬಹುದು. ರಕ್ತದ ಪರಿಮಾಣದಲ್ಲಿ ಹೆಚ್ಚು ಕಡಮೆ ಐದರಲ್ಲಿ ಎರಡು ಪಾಲು ಕಣಗಳೇ ಆಗಿದ್ದು, ಕೆಂಪುಕಣವು ಎಂಟು ಮೈಕ್ರಾನ್ ಅಗಲವಿರುವುದರಿಂದ ಹತ್ತು ಮೈಕ್ರಾನಿನ ಕಾಲುವೆಯಲ್ಲಿ ಅದು ಸಿಕ್ಕಿಕೊಂಡು ದಾರಿಯನ್ನೇ ಕಟ್ಟುವುದು. ಕಣಗಳನ್ನು ಒಡೆಯದೆ ಬೇರ್ಪಡಿಸುವುದು ಹೇಗೆ? ಕಾಲುವೆಯು ಕಿರಿದಾದಷ್ಟೂ ಅದರೊಳಗಿನ ದ್ರವಕ್ಕಿಂತ ಗೋಡೆಯ ಪಾಲು ಹೆಚ್ಚುವುದು. ಪ್ರೋಟೀನುಗಳು ಆ ಗೋಡೆಗೆ ಅಂಟಿ ಅಳತೆಗೆ ಸಿಗದೆಹೋಗುವುವು. ರಬ್ಬರಿನ ಬಿಲ್ಲೆಯಾದರೋ ಕೆಲವು ಚಿಕ್ಕ ಅಣುಗಳನ್ನು ತನ್ನೊಳಕ್ಕೇ ಹೀರಿಕೊಳ್ಳುವುದು. ಇವುಗಳಲ್ಲಿ ಮೊದಲನೆಯದು ಯಂತ್ರಶಾಸ್ತ್ರದವನ ಕೆಲಸ, ಎರಡನೆಯದು ರಸಾಯನಜ್ಞನದು, ಅಲ್ಪವಾದ ವಿದ್ಯುತ್ಸಂಜ್ಞೆಯನ್ನು ಗದ್ದಲದಿಂದ ಬೇರ್ಪಡಿಸುವುದು ಎಲೆಕ್ಟ್ರಾನಿಕ್ಸಿನವನದು, ರೋಗದ ಗುರುತು ಯಾವುದೆಂದು ಹೇಳುವುದು ಜೀವಶಾಸ್ತ್ರದವನದು. ಆದುದರಿಂದ ಈ ವಿದ್ಯೆಯು ಯಾವುದೋ ಒಂದೇ ಪದವಿಯವರಿಗೆ ಮೀಸಲಾದುದಲ್ಲ. ಆದರೆ ತನ್ನ ಶಾಸ್ತ್ರವನ್ನು ಬಿಟ್ಟು ನೆರೆಯವನ ಶಾಸ್ತ್ರವನ್ನು ಮೊದಲಿನಿಂದ ಕಲಿಯಲು ನಾಚುವವನಿಗೆ ಇಲ್ಲಿ ಸ್ಥಳವಿಲ್ಲ. ವ್ಯಾಕರಣವನ್ನು ಮುಗಿಸಿದವನು ತರ್ಕದ ಪಾಠಕ್ಕೆ ಬಂದು ಚಿಕ್ಕ ಹುಡುಗರ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ಪಾಠಶಾಲೆಗಳಲ್ಲಿ ಹೊಸದಲ್ಲ.

ಎಲ್ಲಿ ಓದಬೇಕೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ನ್ಯಾನೊವಿಜ್ಞಾನ ಮತ್ತು ಇಂಜಿನಿಯರಿಂಗ್ ಕೇಂದ್ರವು ಇದಕ್ಕೆ ಬೇಕಾದ ನಿರ್ಧೂಳಿ ಕೊಠಡಿಗಳನ್ನೂ ಉಪಕರಣಗಳನ್ನೂ ಹೊಂದಿರುವುದು. ಅಲ್ಲಿಯ ನವಕಾಂತ ಭಟ್ಟರು ಮೈಸೂರು ವಿಶ್ವವಿದ್ಯಾನಿಲಯದಿಂದ ೧೯೮೯ರಲ್ಲಿ ಬಿ.ಇ. ಪದವಿಯನ್ನು ಪಡೆದು, ಮುಂದೆ ಸ್ಟ್ಯಾನ್‌ಫರ್ಡಿನಲ್ಲಿ ಡಾಕ್ಟರೇಟ್ ಮುಗಿಸಿ ಬಂದವರು. ಅವರ ಗುಂಪಿನ ಕೆಲಸದಿಂದ ಪಾಥ್‌ಶೋಧ್ ಎಂಬ ಸಂಸ್ಥೆಯು ಹುಟ್ಟಿ, ಸಕ್ಕರೆಯ ಕಾಯಿಲೆಗೆ ಸಂಬಂಧಿಸಿದ ಹಲವು ದ್ರವ್ಯಗಳನ್ನು ಒಂದೇ ಕೈಯಂತ್ರದಿಂದ ಅಳೆಯುವ ಸಾಧನವನ್ನು ಹೊರತಂದಿತು. ೨೦೧೮ರ ಇನ್ಫೋಸಿಸ್ ಪುರಸ್ಕಾರವು ಅವರಿಗೆ ಸಂದಿತು. ಖರಗಪುರದ ಐ.ಐ.ಟಿ.ಯಲ್ಲಿ ಸುಮನ್ ಚಕ್ರವರ್ತಿಯವರ ಗುಂಪು ಸೂಕ್ಷ್ಮ ದ್ರವಪ್ರವಾಹದಲ್ಲಿ ಹೆಸರು ಪಡೆದಿದ್ದು, ೨೦೨೦ರ ಮಹಾಮಾರಿಯ ಕಾಲದಲ್ಲಿ ಅಲ್ಪವೆಚ್ಚದ ಪರೀಕ್ಷಾಸಾಧನವೊಂದನ್ನು ಸಿದ್ಧಪಡಿಸಿತು. ಇಂತಹ ಸ್ಥಳಗಳಿಗೆ ಪ್ರವೇಶವು ಸಾಮಾನ್ಯವಾಗಿ ಗೇಟ್ ಅಥವಾ ನೆಟ್ ಪರೀಕ್ಷೆ, ಆ ಬಳಿಕ ಸಂದರ್ಶನ ಇವುಗಳಿಂದ ದೊರೆಯುವುದು. ೨೦೨೨ರ ಯು.ಜಿ.ಸಿ. ನಿಯಮದಂತೆ, ನಾಲ್ಕು ವರ್ಷಗಳ ಸ್ನಾತಕ ಪದವಿಯಲ್ಲಿ ನೂರಕ್ಕೆ ೭೫ ಅಂಕಗಳನ್ನು ಪಡೆದವರು ಎಂ.ಎಸ್ಸಿ., ಎಂ.ಟೆಕ್. ಇಲ್ಲದೆಯೇ ನೇರವಾಗಿ ಡಾಕ್ಟರೇಟಿಗೆ ಸೇರಲು ಅರ್ಹರು. ಕ್ರಮಪ್ರಕಾರದ ಅವಧಿಯು ಕನಿಷ್ಠ ೩ ವರ್ಷ, ಗರಿಷ್ಠ ೬ ವರ್ಷ.

ಹೊರದೇಶಗಳಲ್ಲಿ ಹಾಲೆಂಡಿನ ಟ್ವೆಂಟೆ, ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯ, ಸ್ವಿಟ್ಜರ್ಲೆಂಡಿನ ಜೂರಿಕ್ ಮತ್ತು ಲೊಸಾನ್, ಜರ್ಮನಿಯ ಫ್ರೈಬುರ್ಗ್, ಕೆನಡದ ಆಲ್ಬರ್ಟ ಇವು ಈ ವಿದ್ಯೆಗೆ ಹೆಸರಾದ ಸ್ಥಾನಗಳು. ಹಾಲೆಂಡ್, ಡೆನ್ಮಾರ್ಕ್ ಮೊದಲಾದೆಡೆ ಸಂಶೋಧನ ವಿದ್ಯಾರ್ಥಿಯು ಶುಲ್ಕ ಕೊಡುವವನಲ್ಲ, ಸಂಬಳ ಪಡೆಯುವ ನೌಕರನೆಂಬುದು ಇಲ್ಲಿಯ ಅನೇಕರಿಗೆ ತಿಳಿಯದು; ಜಮೀನನ್ನು ಅಡವಿಟ್ಟು ಮಗನನ್ನು ಡಾಕ್ಟರೇಟಿಗೆ ಕಳುಹಿಸಬೇಕೆಂಬ ಭಯವು ಆದುದರಿಂದ ಬಹುಮಟ್ಟಿಗೆ ನಿರಾಧಾರವಾದುದು. ಯೂರೋಪಿನ ಮಾರಿ ಕ್ಯೂರಿ ಡಾಕ್ಟರೇಟ್ ಜಾಲಗಳು ಯಾವ ದೇಶದವರಿಗಾದರೂ ತೆರೆದಿರುವುವು. ಸೇರುವ ದೇಶದಲ್ಲಿ ಹಿಂದಿನ ಮೂರು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ವಾಸಿಸಿರಬಾರದೆಂಬ ನಿಯಮವು ಭಾರತದ ವಿದ್ಯಾರ್ಥಿಗೆ ಅನುಕೂಲವೇ.

ಹೆತ್ತವರ ಚಿಂತೆಯನ್ನು ಹಗುರವಾಗಿ ಕಾಣಬಾರದು. ಇಪ್ಪತ್ತೆರಡು ವರ್ಷದ ಮಗಳು ಬೆಂಗಳೂರಿನ ಕಂಪನಿಯಲ್ಲಿ ಸಂಬಳ ತರುವ ಬದಲು ಇಪ್ಪತ್ತೆಂಟರವರೆಗೆ ಓದುತ್ತಲೇ ಇರುವಳೆಂದರೆ ಮನೆಯಲ್ಲಿ ಮಾತು ಬರುವುದು ಸಹಜವು. ೨೦೨೩ರ ಜನವರಿಯಿಂದ ಕೇಂದ್ರಸರಕಾರದ ಕಿರಿಯ ಸಂಶೋಧನ ವೇತನವು ತಿಂಗಳಿಗೆ ೩೭,೦೦೦ ರೂಪಾಯಿ, ಎರಡು ವರ್ಷಗಳ ಬಳಿಕ ೪೨,೦೦೦ ರೂಪಾಯಿ, ಮನೆಬಾಡಿಗೆಯ ಭತ್ಯವು ಬೇರೆ. ೨೦೧೮ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನ ವೇತನವು ೭೦,೦೦೦ದಿಂದ ೮೦,೦೦೦ ರೂಪಾಯಿಗಳವರೆಗೆ ನಿಗದಿಯಾದುದಾದರೂ, ಅದು ಕೆಲವರಿಗೆ ಮಾತ್ರ ದೊರೆಯತಕ್ಕುದು. ಹಣವು ತಿಂಗಳಿಗೆ ಸರಿಯಾಗಿ ಬಾರದೆ ವಿದ್ಯಾರ್ಥಿಗಳು ಪರದಾಡಿದ ಪ್ರಸಂಗಗಳೂ ಇಲ್ಲದಿಲ್ಲ. ಇದನ್ನು ಮುಚ್ಚಿಟ್ಟು ಉತ್ಸಾಹದ ಮಾತುಗಳನ್ನಾಡುವುದು ಹಿರಿಯರಿಗೆ ತಕ್ಕುದಲ್ಲ. ಹೆಸರಿನ ಹಿಂದೆ ಡಾಕ್ಟರ್ ಎಂಬ ಅಕ್ಷರಗಳು ಬೇಕೆಂಬುದಷ್ಟೇ ಆಸೆಯಾದರೆ, ಆರು ವರ್ಷಗಳು ಬಹಳ ದುಬಾರಿಯಾದ ಬೆಲೆಯು.

ಗುರುವನ್ನು ಆರಿಸಿಕೊಳ್ಳುವುದು ಸಂಸ್ಥೆಯನ್ನು ಆರಿಸಿಕೊಳ್ಳುವುದಕ್ಕಿಂತ ಮುಖ್ಯವಾದುದು. ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಗಳಲ್ಲಿ ಮುಗಿಸಿದರು, ಈಗ ಎಲ್ಲಿರುವರು, ನಡುವೆ ಬಿಟ್ಟುಹೋದವರೆಷ್ಟು ಮಂದಿ ಎಂಬುದನ್ನು ಆ ವಿದ್ಯಾರ್ಥಿಗಳನ್ನೇ ಕೇಳಿ ತಿಳಿಯತಕ್ಕುದು. ಆ ಗುಂಪಿನ ಲೇಖನಗಳಲ್ಲಿ ಪರೀಕ್ಷಿಸಿರುವುದು ಭಟ್ಟಿಯಿಳಿಸಿದ ನೀರನ್ನೋ ಬಾವಿಯ ನೀರನ್ನೋ, ತಯಾರಿಸಿದ ದ್ರಾವಣವನ್ನೋ ಆಸ್ಪತ್ರೆಯ ರಕ್ತವನ್ನೋ ಎಂಬುದನ್ನು ನೋಡಿದರೆ ಅವರ ಮಾರ್ಗವು ಯಾವುದೆಂದು ಅರ್ಧ ಗಂಟೆಯಲ್ಲಿ ತಿಳಿಯುವುದು.

ಸೇರುವುದಕ್ಕೆ ಮೊದಲೇ ಈ ವಿದ್ಯೆಯ ರುಚಿಯನ್ನು ನೋಡಲು ಒಂದು ದಾರಿಯುಂಟು. ಇತರ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ದೊಡ್ಡ ಸಂಸ್ಥೆಗಳ ಉಪಕರಣಗಳನ್ನು ಬಳಸಿಕೊಳ್ಳಲೆಂದು ಕೇಂದ್ರಸರಕಾರವು ೨೦೦೮ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಐ.ಐ.ಟಿ.ಗಳಲ್ಲಿ ಐ.ಎನ್.ಯು.ಪಿ. ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಆಮೇಲೆ ಅದು ಇತರ ಐ.ಐ.ಟಿ.ಗಳಿಗೂ ವಿಸ್ತರಿಸಿತು. ಅದರ ಮೂಲಕ ಮೊದಲು ಕೆಲವು ದಿನಗಳ ತರಬೇತಿಯನ್ನು ಪಡೆದು, ಬಳಿಕ ಸ್ವಂತ ಯೋಜನೆಯೊಂದನ್ನು ಒಪ್ಪಿಸಿ, ಅಲ್ಲಿಯ ನಿರ್ಧೂಳಿ ಕೊಠಡಿಯಲ್ಲಿ ಕೆಲಸಮಾಡಬಹುದು. ತುಮಕೂರು, ಮೈಸೂರು, ಬಾಗಲಕೋಟೆಗಳ ಕಾಲೇಜುಗಳಲ್ಲಿರುವವರು ಇದನ್ನು ಉಪಯೋಗಿಸಿಕೊಳ್ಳತಕ್ಕುದು. ಮಾರ್ಗದರ್ಶಕರಿಗೆ ಬರೆಯುವ ಪತ್ರವು ಒಂದು ಪುಟಕ್ಕೆ ಮೀರದಿರಲಿ; ಸ್ತುತಿವಾಕ್ಯಗಳು ಬೇಡ. ಯಾವ ದ್ರವ್ಯವನ್ನು ಅಳೆಯಬೇಕೆಂದಿರುವುದು, ಈಗಿರುವ ವಿಧಾನವು ಎಲ್ಲಿ ತಪ್ಪುವುದು, ಆ ತಪ್ಪನ್ನು ಪತ್ರ ಬರೆದವನು ತಾನೇ ಪ್ರಯೋಗ ಮಾಡಿ ಕಂಡಿರುವನೆ, ಇಷ್ಟಿದ್ದರೆ ಸಾಕು. ತನ್ನ ಊರಿನ ಕೊಳವೆಬಾವಿಯ ನೀರನ್ನು ತಿಂಗಳಿಗೊಮ್ಮೆಯಂತೆ ಒಂದು ವರ್ಷ ಪರೀಕ್ಷಿಸಿ ಬರೆದಿಟ್ಟ ಲೆಕ್ಕವನ್ನು ಅದರೊಡನೆ ಲಗತ್ತಿಸಿದರೆ ಇನ್ನೂ ಒಳ್ಳೆಯದು.